ಬಿಡಸಾಕ ಹೋಗೋದೂ ಒಂದು ಹಕ್ಕು

ಭಾಗ 1/8

ಇದು ಎಂಟು ಪೋಸ್ಟಿನ ಸರಣಿ. ಸೇವ್ ಮಾಡ್ಕೊಂಡು, ಬೈಲಹೊಂಗಲ ಬಸ್ಸಿನ್ಯಾಗ ಸೀಟು ಸಿಕ್ಕಾಗ ಓದ್ರಿ.

ನಿಮ್ಮ ಫೀಡಿನ್ಯಾಗೂ ಈ ವಿಡಿಯೊ ಬಂದಿರ್ತಾವ. ಅಮೆರಿಕದಾಗ ಒಬ್ಬ ಮನುಷ್ಯ ಟೇಬಲ್ ಮ್ಯಾಲೆ ರೈಫಲ್ ಇಟ್ಕೊಂಡು ಕೂತು ಆವತ್ತಿನ ಸುದ್ದಿ ಹೇಳ್ತಿರ್ತಾನ. ಅಂಗಡಿಗೆ ಕಳ್ಳ ನುಗ್ಗಿದ, ಮಾಲೀಕ ಗನ್ ತೆಗೆದ, ಕಳ್ಳ ಓಡಿಹೋದ. ಸಿಸಿಟಿವಿ ದೃಶ್ಯ ಅಲ್ಲಲ್ಲೇ ನಿಲ್ಲಿಸಿ ವಿವರಿಸ್ತಾನ. ಕಡೀಗೆ ಒಂದೇ ಮಾತು: ಪೊಲೀಸರು ಬರೋದ್ರಾಗ ನೀ ಸತ್ತಿರ್ತಿ, ನಿನ್ನ ಕೈಯಾಗ ಗನ್ ಇರಬೇಕು. ಈಗ ಇಂಥಾ ವಿಡಿಯೊಕ್ಕ ಹಿಂದಿ ದನಿ, ಕನ್ನಡ ದನಿ ಎರಡೂ ಸೇರ್ಯಾವ. ನಾನೂ ಬಾಳ ನೋಡೀನಿ. ಕೆಲವು ಚಲೋನೂ ಅದಾವ, ಕೇಸಿನ ಹೆಸರು ಹಿಡಿದು ಮಾತಾಡ್ತಾರ.

ಇದನ್ನ ಬರೀ ಟೈಂಪಾಸ್ ಅಂತ ಬಿಡಾಕ ಆಗಲಿಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜ್ ಕ್ಯಾಂಪಸ್ಸಿನಲ್ಲಿ ಎಂಸಿಎ ಓದುತ್ತಿದ್ದ ಹುಡುಗಿಯೊಬ್ಬಳನ್ನು ಚಾಕುವಿನಿಂದ ಇರಿದು ಕೊಂದರು. ತಿಂಗಳು ತುಂಬೋದ್ರಾಗ, ಮೇ 15ರಂದು, ಅದೇ ಊರಿನಲ್ಲಿ ಇನ್ನೊಬ್ಬ ಹುಡುಗಿಯನ್ನು ಅವಳ ಮನೆಯೊಳಗೇ ಕೊಂದರು. ಆ ಬೇಸಿಗ್ಯಾಗ ನಮ್ಮ ಮನ್ಯಾಗ ಊಟಕ್ಕ ಕೂತ್ರ ಇದೇ ಮಾತು. ಹುಡುಗ್ಯಾರನ್ನ ದೂರ ಓದಾಕ ಕಳಸೂದು ಹೆಂಗ ಅಂತ ದೊಡ್ಡವರ ಚಿಂತಿ. ಅದರ ಬೆನ್ನಿಗೇ ಫೋನಿನ್ಯಾಗ ವಿಡಿಯೊ ಸುರದವು. ಹುಡುಗ್ಯಾರು ಬ್ಯಾಗಿನ್ಯಾಗ ಚಾಕು ಇಟ್ಕೊಳ್ರಿ, ಸರ್ಕಾರ ಗನ್ ಲೈಸೆನ್ಸ್ ಕೊಡಲಿ, ಅಮೆರಿಕದಾಗ ಆಗಿದ್ರ ಹಿಂಗ ಆಗ್ತಿರಲಿಲ್ಲ ಅಂತ.

ಆ ಸಿಟ್ಟು ನನಗ ತಿಳೀತೈತಿ. ಹೆದರಿಕೆ ಸುಳ್ಳಲ್ಲ. ಆದ್ರ ಆ ವಿಡಿಯೊ ಹೇಳೋ ಹಕ್ಕು ಯಾವುದು, ನಮ್ಮ ಕಾನೂನು ನಮಗ ಕೊಟ್ಟ ಹಕ್ಕು ಯಾವುದು ಅಂತ ಕೂತು ಓದಿದೆ. ಓದಿದ ಮ್ಯಾಲೆ ನನಗ ಗನ್ನಿನಕ್ಕಿಂತ ದೊಡ್ಡದು ಒಂದು ಸಿಕ್ಕೈತಿ. ಅದನ್ನ ನಿಮಗ ಹೇಳಬೇಕು.

ಭಾಗ 2/8

ಮೊದಲು ಅಮೆರಿಕದ ಲೆಕ್ಕ ತಿಳ್ಕೊಳ್ಳೋಣ.

ಅವರ ಸಂವಿಧಾನಕ್ಕೆ 1791ರಲ್ಲಿ ಎರಡನೇ ತಿದ್ದುಪಡಿ ಸೇರಿತು. ಆಯುಧ ಇಟ್ಟುಕೊಳ್ಳುವ ಹಕ್ಕು ಅದರಾಗ ಐತಿ. ಅದು ಊರ ಕಾವಲು ಪಡೆಗಷ್ಟೇ ಸೀಮಿತವೋ, ಒಬ್ಬೊಬ್ಬ ಮನುಷ್ಯನಿಗೂ ಇದೆಯೋ ಅಂತ ಬಾಳ ವರ್ಷ ವಾದ ನಡೀತು. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಅವರ ಸುಪ್ರೀಂ ಕೋರ್ಟ್, ಮನೆಯಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು. ಅದಕ್ಕೂ ಮೊದಲೇ, 2005ರಲ್ಲಿ, ಫ್ಲೋರಿಡಾ ರಾಜ್ಯ ಇನ್ನೊಂದು ಕಾನೂನು ಮಾಡಿತ್ತು: ಜೀವಕ್ಕೆ ಅಪಾಯ ಅನ್ನಿಸಿದಾಗ ಹಿಂದೆ ಸರಿಯಲು ಜಾಗ ಇದ್ದರೂ ಸರಿಯಬೇಕಿಲ್ಲ, ಅಲ್ಲೇ ನಿಂತು ಎದುರಿಸಬಹುದು. ವಿಡಿಯೊದವರು ಮಾತಾಡೋದು ಈ ಬುನಾದಿ ಮ್ಯಾಲೆ.

ನಮ್ಮಲ್ಲಿ ಈ ಚರ್ಚೆ ಆಗೇ ಇಲ್ಲ ಅಂತ ತಿಳೀಬ್ಯಾಡ್ರಿ. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನು ಮೂಲಭೂತ ಹಕ್ಕು ಮಾಡಬೇಕು ಅಂತ ತಿದ್ದುಪಡಿ ತಂದರು. ಕಾಮತರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರ ಹಕ್ಕು ಅಂತ ಬರೆದರೆ ಕಳ್ಳಕಾಕರೂ ಅದೇ ಹಕ್ಕು ಕೇಳ್ತಾರ ಅನ್ನೋದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯ್ತು. ಈಗ ನಮ್ಮ 19ನೇ ವಿಧಿ ತೆಗೆದು ನೋಡ್ರಿ. ಸಭೆ ಸೇರುವ ಹಕ್ಕು ಐತಿ, ಶಾಂತಿಯುತವಾಗಿ ಮತ್ತು ಆಯುಧಗಳಿಲ್ಲದೆ.

ಹಿಂಗಾಗಿ ನಮ್ಮಲ್ಲಿ ಗನ್ ಅಂದ್ರ ಹಕ್ಕಲ್ಲ, ಲೈಸೆನ್ಸ್. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ 21 ವರ್ಷ ತುಂಬಿರಬೇಕು. ಶೂಟಿಂಗ್ ಕ್ರೀಡೆಯ ತರಬೇತಿಗೆ ಬೇರೆ ನಿಯಮ. ನನಗ ಈಗ 20, ಕ್ಲಾಸಿನ್ಯಾಗ ಬಹುತೇಕ ಎಲ್ಲಾರ್ದೂ ಅಷ್ಟೇ. ನಾವು ಅರ್ಜಿ ಹಾಕಾಕೂ ಬರೂದಿಲ್ಲ. 2019ರ ತಿದ್ದುಪಡಿ ಆದ ಮ್ಯಾಲೆ ಒಬ್ಬರಿಗೆ ಹೆಚ್ಚಂದ್ರ ಎರಡು ಗನ್. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು. ಲೈಸೆನ್ಸ್ ಇದ್ದವರೂ ಮದುವೆ ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಲಾಂಗು, ತಲವಾರು ಹಿಡಿದು ರೀಲ್ಸ್ ಮಾಡೋ ತಮ್ಮಂದಿರೇ, ನಿಮಗೂ ಒಂದು ಮಾತು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದೂ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರ್ತೈತಿ. ಹೊಲದ ಕೆಲಸ, ಮನೆ ಕೆಲಸದ ಸಾಮಾನು ಮಾತ್ರ ಅದರ ಹೊರಗ. 2025ರ ಮಾರ್ಚಿನಲ್ಲಿ ಬೆಂಗಳೂರಾಗ ರಿಯಾಲಿಟಿ ಶೋದ ಇಬ್ಬರು ಸ್ಪರ್ಧಿಗಳನ್ನು ಮಚ್ಚು ಹಿಡಿದ ರೀಲ್ಸಿಗೇ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧಿಸಿದರು. ಹೆಸರು ಮಾಡಿದವರ ಗತಿ ಅದು. ನಮ್ಮಂಥವರ ಜಾಮೀನಿಗೆ ಓಡಾಡಾಕ ಅಪ್ಪನ ಹತ್ರ ಪೆಟ್ರೋಲ್ ಖರ್ಚೂ ಇರೂದಿಲ್ಲ.

ಭಾಗ 3/8

ಈಗ ನೀವು ಕೇಳಬಹುದು: ನಮ್ಮ ನೆಲದಾಗ ಹತಾರಕ್ಕಾಗಿ ಜೀವ ಕೊಟ್ಟವರು ಇಲ್ಲೇನು?

ಅದಾರ. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಾಗ ಹಲಗಲಿ ಬೇಡರ ಲಾವಣಿ ಓದೀವಿ. ಪರೀಕ್ಷೆಗೆ ಕಂಠಪಾಠ ಮಾಡಿ ಮರತೀವಿ ಅಷ್ಟೇ. ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಊರು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಎಲ್ಲರೂ ಆಯುಧ ತಂದು ಒಪ್ಪಿಸಬೇಕು ಅಂದರು. ಬೇಟೆ ಆಡಿ ಬದುಕುವ ಬೇಡರಿಗೆ ಆಯುಧ ಅಂದ್ರ ಅನ್ನ. ಅವರು ಕೊಡೂದಿಲ್ಲ ಅಂದರು. ನವೆಂಬರ್ ಕೊನೆಗೆ ಬ್ರಿಟಿಷ್ ದಂಡು ಬಂದು ಊರಿಗೇ ಬೆಂಕಿ ಇಟ್ಟಿತು. ಬಾಳ ಜನ ಅಲ್ಲೇ ಸತ್ತರು. ಸೆರೆ ಸಿಕ್ಕವರ ಪೈಕಿ 19 ಮಂದಿಯನ್ನು ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದಲ್ಲಿ ಜನರ ಎದುರು, ಉಳಿದವರನ್ನು ಅವರ ಹಲಗಲಿಯಲ್ಲೇ.

ಇನ್ನೊಂದು ಕಡೆ ನೋಡ್ರಿ. 1861ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದೇ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯ್ತಿ ಕೊಟ್ಟರು. ಅದರಾಗ ಅವರ ಶೌರ್ಯದ ಹೊಗಳಿಕೆ ಇತ್ತು, ನಿಷ್ಠೆಯ ಹೊಗಳಿಕೆಯೂ ಇತ್ತು. ಆ ವಿನಾಯ್ತಿ ಇವತ್ತಿಗೂ ನಡದೈತಿ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರಿಗೆ ಬಂದೂಕು ಅಂದ್ರ ಕೈಲ್ ಪೊಳ್ದ್ ಹಬ್ಬಕ್ಕ ಪೂಜೆ ಮಾಡೋ ದೇವರ ಸಾಮಾನು. ಅದರ ಬಗ್ಗೆ ನನಗ ಗೌರವ ಐತಿ.

ಆದ್ರ ಈ ಎರಡೂ ಕಥೆ ಜೋಡಿಸಿ ನೋಡಿದ್ರ ಒಂದು ತಿಳೀತೈತಿ. ನಾಲ್ಕು ವರ್ಷದ ಅಂತರದಾಗ ಒಂದೇ ಸರ್ಕಾರ ಒಂದು ಊರಿಗೆ ಬೆಂಕಿ ಇಟ್ಟಿತು, ಇನ್ನೊಂದು ನಾಡಿಗೆ ಮರ್ಯಾದೆ ಕೊಟ್ಟಿತು. ಆಯುಧ ಯಾರಿಗೆ ಕೊಡಬೇಕು ಅಂತ ಆಳೋರು ತಮಗೆ ಬೇಕಾದವರನ್ನ ನೋಡಿ ನಿರ್ಧಾರ ಮಾಡ್ತಾರ. ಇವತ್ತು ಕೊಟ್ಟಿದ್ದು ನಾಳೆ ಕಸೀಬಹುದು.

ಇನ್ನು ನಮ್ಮ ತಾಲೂಕಿನ ಸಂಗೊಳ್ಳಿ ರಾಯಣ್ಣ. ಅರ್ಧ ಕ್ಲಾಸಿನ ಡಿಪಿ, ಸ್ಟೇಟಸ್ ಎಲ್ಲಾ ರಾಯಣ್ಣನ ಕತ್ತಿ. ರಾಯಣ್ಣನ್ನ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಆಯಿ, ಮುತ್ಯಾ ಹೇಳೋ ಕಥಿ ನಿಮಗೆಲ್ಲಾ ಗೊತ್ತೈತಿ. ಕತ್ತಿ ಹಿಡಿದು ನಿಂತ ರಾಯಣ್ಣನ್ನ ಹಿಡಿಯಾಕ ಯಾರಿಗೂ ಆಗಲಿಲ್ಲ. ಜೋಡಿ ಇದ್ದವರೇ ಮೋಸ ಮಾಡಿ ಹಿಡಿದುಕೊಟ್ಟರು. ಕತ್ತಿಯ ಫೋಟೊ ಹಾಕೋ ನಾವು ಕಥಿಯ ಈ ಭಾಗ ಸ್ಟೇಟಸ್ಸಿಗೆ ಹಾಕೂದಿಲ್ಲ.

ಭಾಗ 4/8

ಈಗ ಮುಖ್ಯ ಮಾತಿಗೆ ಬರ್ತೀನಿ. ಗನ್ ನಮ್ಮ ಹಕ್ಕಲ್ಲ ಅಂದ್ರ ಆತ್ಮರಕ್ಷಣೆ ಹಕ್ಕೂ ಇಲ್ಲ ಅಂತಲ್ಲ. ಅದು ಪೂರ್ತಿ ಬೇರೆ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಐಪಿಸಿಯ 96ರಿಂದ 106ರವರೆಗೆ ಇದ್ದ ಸೆಕ್ಷನ್‌ಗಳು ಈಗ 34ರಿಂದ 44. ಇದಕ್ಕ ಕಾನೂನಿನ್ಯಾಗ ಖಾಸಗಿ ರಕ್ಷಣೆಯ ಹಕ್ಕು ಅಂತಾರ. 34ನೇ ಸೆಕ್ಷನ್ ಹೇಳೋದು ಬಾಳ ಸರಳ: ಈ ಹಕ್ಕು ಬಳಸಿ ಮಾಡಿದ್ದು ಅಪರಾಧ ಅಲ್ಲ.

ಯಾವಾಗ ಎಷ್ಟು? ಸಾಮಾನ್ಯ ಪೆಟ್ಟಿಗೆ ಸಾಮಾನ್ಯ ಪೆಟ್ಟು. ಆದ್ರ 38ನೇ ಸೆಕ್ಷನ್ ಕೆಲವು ಸಂದರ್ಭ ಪಟ್ಟಿ ಮಾಡೈತಿ. ಸಾಯಿಸ್ತಾರ ಅನ್ನೋ ಭಯ, ಗಂಭೀರ ಗಾಯದ ಭಯ, ಅತ್ಯಾಚಾರದ ಉದ್ದೇಶದಿಂದ ಮೈಮೇಲೆ ಬೀಳೋದು, ಅಪಹರಣ, ಆಸಿಡ್ ದಾಳಿ ಇಂಥವು. ಆಗ ತಪ್ಪಿಸಿಕೊಳ್ಳಾಕ ಹೊಡೆದ ಪೆಟ್ಟಿನಿಂದ ದಾಳಿ ಮಾಡಿದವ ಸತ್ತರೂ ಕಾನೂನು ನಿಮ್ಮ ಬೆನ್ನಿಗೆ ನಿಲ್ಲತೈತಿ. ಕೈಯಾಗ ಏನಿರಬೇಕು ಅಂತ ಅದರಾಗ ಬರೆದಿಲ್ಲ. ಕಲ್ಲು, ಬಡಿಗಿ, ಟಿಫಿನ್ ಡಬ್ಬಿ, ಯಾವುದಾದ್ರೂ ಸರಿ. ಜೀವ ಹೋಗೋ ಹೊತ್ತಿನ್ಯಾಗ ತಕ್ಕಡಿ ಹಿಡಿದು ಪೆಟ್ಟು ತೂಗು ಅಂತ ಕೇಳಾಕ ಆಗೂದಿಲ್ಲ ಅನ್ನೋದನ್ನ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ವಿವರಿಸೈತಿ.

ಈಗ 35ನೇ ಸೆಕ್ಷನ್ ನಿಧಾನ ಓದ್ರಿ. ಪ್ರತಿಯೊಬ್ಬ ವ್ಯಕ್ತಿಗೂ ತನ್ನ ದೇಹವನ್ನು ಕಾಪಾಡಿಕೊಳ್ಳೋ ಹಕ್ಕು ಐತಿ. ಅಲ್ಲಿಗೇ ಮುಗಿಯೂದಿಲ್ಲ. ಬೇರೆ ಯಾವುದೇ ವ್ಯಕ್ತಿಯ ದೇಹವನ್ನು ಕಾಪಾಡೋ ಹಕ್ಕೂ ಐತಿ.

ಬೇರೆ ಯಾವುದೇ ವ್ಯಕ್ತಿ. ನಿಮ್ಮ ತಂಗಿ ಇರಬೇಕಂತಿಲ್ಲ, ನಿಮ್ಮ ಜಾತಿಯವರು, ಧರ್ಮದವರು ಇರಬೇಕಂತಿಲ್ಲ. ಗುರುತು ಪರಿಚಯ ಇಲ್ಲದವರೂ ಆಗಬಹುದು. ಅವರ ಮ್ಯಾಲೆ ದಾಳಿ ನಡದೈತಿ ಅಂದ್ರ ನಡುವೆ ಹೋಗಿ ತಡೆಯೋ ಹಕ್ಕು ನಿಮ್ಮದು. ನಮ್ಮ ಕಡೆ ಇದಕ್ಕ ಬಿಡಸಾಕ ಹೋಗೂದು ಅಂತೀವಿ. ಮನ್ಯಾಗ ನಮಗ ಕಲಿಸಿದ್ದು ಏನು? ಯಾರದೋ ಜಗಳಕ್ಕ ಬಿಡಸಾಕ ಹೋಗಬ್ಯಾಡ, ಕೇಸು ನಿನ್ನ ಮ್ಯಾಲೆ ಬರ್ತೈತಿ. ಕಾನೂನು ಇದರ ಉಲ್ಟಾ ಹೇಳ್ತೈತಿ, ಅದೂ ಬ್ರಿಟಿಷರ ಕಾಲದಿಂದ. ಇದನ್ನ ಹೇಳೋ ಒಂದೂ ಗನ್ ವಿಡಿಯೊ ನನ್ನ ಫೀಡಿಗೆ ಬಂದಿಲ್ಲ. ಅವರ ಮಾತಿನ್ಯಾಗ ಬರೀ ನಾನು, ನನ್ನ ಮನಿ, ನನ್ನ ಗನ್.

ಭಾಗ 5/8

ಈ ಪೋಸ್ಟ್ ಓದಾಕ ಕಷ್ಟ ಐತಿ. ಆದ್ರೂ ಓದ್ರಿ, ಇದು ನಮ್ಮ ಜಿಲ್ಲೆಯ ಮಾತು.

2023ರ ಡಿಸೆಂಬರ್ 11. ಬೆಳಗಾವಿ ತಾಲೂಕಿನ ಹೊಸ ವಂಟಮುರಿ. ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟ ಅನ್ನೋ ಕಾರಣಕ್ಕ ಅವನ ತಾಯಿಯನ್ನು ಹುಡುಗಿ ಮನೆ ಕಡೆಯವರು ಎಳೆದು ತಂದು, ಬಟ್ಟೆ ಕಿತ್ತು, ಕಂಬಕ್ಕ ಕಟ್ಟಿ ಹೊಡೆದರು. ಅದೇ ವಾರ ಸುವರ್ಣ ವಿಧಾನಸೌಧದಾಗ ಅಧಿವೇಶನ ನಡೀತಿತ್ತು. ಇಡೀ ರಾಜ್ಯದ ಮಂತ್ರಿಗಳು, ಅವರ ಹಿಂದೆ ಅಷ್ಟೊಂದು ಪೊಲೀಸರು, ಎಲ್ಲಾ ಬೆಳಗಾವಿಯಾಗೇ ಇದ್ದರು.

ಊರಿನ್ಯಾಗ ಜನ ಇದ್ದರು. ನೋಡಿದರು. ಬಿಡಸಾಕ ಹೋದ ಒಬ್ಬರು ತಾವೇ ಪೆಟ್ಟು ತಿಂದರು. ಹೈಕೋರ್ಟ್ ಈ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಹೊಡೆದವರ ಬಗ್ಗೆ ಎಷ್ಟು ಕೇಳಿತೋ, ಸುಮ್ಮನೆ ನಿಂತವರ ಬಗ್ಗೆಯೂ ಅಷ್ಟೇ ಕೇಳಿತು. ಬೆಂಟಿಂಕ್ ಕಾಲದಾಗ ಇಡೀ ಊರಿಗೆ ದಂಡ ಹಾಕ್ತಿದ್ದ ಪದ್ಧತಿಯನ್ನು ನ್ಯಾಯಪೀಠ ನೆನಪಿಸಿತು. ಊರವರಿಂದ ಹಣ ವಸೂಲಿ ಮಾಡಿ ಆ ತಾಯಿಗೆ ಕೊಡೋ ಮಾತೂ ಬಂತು.

ಆವತ್ತು ಜಾರಿಯಲ್ಲಿದ್ದದ್ದು ಐಪಿಸಿ. ಅದರ 97ನೇ ಸೆಕ್ಷನ್ನಿನಲ್ಲೂ ಇದೇ ಮಾತಿತ್ತು, ಬೇರೆ ಯಾವುದೇ ವ್ಯಕ್ತಿಯ ದೇಹ ಅಂತ. ಅಲ್ಲಿ ನಿಂತಿದ್ದ ಪ್ರತಿಯೊಬ್ಬರ ಹತ್ರ ಆ ತಾಯಿಯನ್ನು ಬಿಡಿಸೋ ಹಕ್ಕು ಇತ್ತು. ಲೈಸೆನ್ಸ್ ಬೇಕಿರಲಿಲ್ಲ, 21 ವರ್ಷ ತುಂಬಿರಬೇಕಿರಲಿಲ್ಲ. ಹತ್ತು ಮಂದಿ ಒಟ್ಟಿಗೆ ಮುಂದ ಬಂದಿದ್ರ ಸಾಕಿತ್ತು.

ಆಗ ಗನ್ ಬೇಕು ಅನ್ನೋ ಗೆಳೆಯ ಒಬ್ಬ ಕೇಳಿದ: ಆ ತಾಯಿ ಕೈಯಾಗ ಗನ್ ಇದ್ದಿದ್ರ? ಸರಿ, ಇತ್ತು ಅಂತ ಇಟ್ಕೊಳ್ಳೋಣ. ಗನ್ ಸಿಗೋ ಊರಿನ್ಯಾಗ ಅದು ಬರೀ ಅವಳ ಕೈಯಾಗ ಇರ್ತಿತ್ತೇನು? ಬಾಗಿಲು ಒಡೆಯಾಕ ಬಂದವರ ಕೈಯಾಗೂ ಇರ್ತಿತ್ತು, ಅವರು ಸಂಖ್ಯೆಯಲ್ಲಿ ಹೆಚ್ಚು.

ಗನ್ ಎಲ್ಲಾರ ಕೈಯಾಗ ಇದ್ದ ಜಾಗದಾಗ ಏನಾಯ್ತು ಅಂತಾನೂ ನೋಡ್ರಿ. 2022ರ ಮೇ 24, ಅಮೆರಿಕದ ಟೆಕ್ಸಾಸ್ ರಾಜ್ಯದ ಯುವಾಲ್ಡೆ ಊರು. 18 ವರ್ಷದ ಹುಡುಗ ಕಾನೂನು ಪ್ರಕಾರವೇ ಕೊಂಡ ರೈಫಲ್ ಹಿಡಿದು ಪ್ರಾಥಮಿಕ ಶಾಲೆಗೆ ನುಗ್ಗಿ 19 ಮಕ್ಕಳನ್ನು, ಇಬ್ಬರು ಟೀಚರ್‌ಗಳನ್ನು ಕೊಂದ. ಶಾಲೆಗೆ ಬಂದು ಸೇರಿದ ಶಸ್ತ್ರಧಾರಿ ಅಧಿಕಾರಿಗಳ ಸಂಖ್ಯೆ 376 ಅಂತ ಆ ರಾಜ್ಯದ ಶಾಸನಸಭೆಯ ಸಮಿತಿ ವರದಿ ಹೇಳೈತಿ. ಆದ್ರೂ ಆ ಹುಡುಗನ್ನ ಎದುರಿಸಾಕ ಒಂದು ತಾಸಿಗಿಂತ ಹೆಚ್ಚು ಹೊತ್ತು ತಗೊಂಡರು. ಹೊರಗ ತಂದೆ ತಾಯಿ ಒಳಗ ಬಿಡ್ರಿ ಅಂತ ಕೂಗ್ತಿದ್ದರು.

ಒಂದು ಕಡೆ ಕೈ ಬರಿದು, ಇನ್ನೊಂದು ಕಡೆ ಕೈ ತುಂಬಾ ಗನ್. ಎರಡೂ ಕಡೆ ಜನ ಹೊರಗೇ ನಿಂತರು.

ಭಾಗ 6/8

ಹಂಗಂತ ಯಾರೂ ಬಿಡಸಾಕ ಬರೂದೇ ಇಲ್ಲ ಅಂತ ಹೇಳಿದ್ರ ಅದೂ ಸುಳ್ಳು. ನಾನು ಕಣ್ಣಾರೆ ನೋಡಿದ್ದು ಒಂದು ಹೇಳ್ತೀನಿ.

ಹೋದ ವರ್ಷ ಒಂದು ಸಂಜಿ, ಬೈಲಹೊಂಗಲದಿಂದ ನೇಸರಗಿಗೆ ಬರೋ ಬಸ್ಸು. ಕಾಲಿಡಾಕ ಜಾಗ ಇಲ್ಲದಷ್ಟು ರಶ್. ಪಿಯುಸಿ ಓದೋ ಹುಡುಗಿ ಒಬ್ಬಳ ಹಿಂದ ಒಬ್ಬ ನಡು ವಯಸ್ಸಿನವ ಬೇಕಂತಲೇ ಮೈಗೆ ಮೈ ಹತ್ತಿಸಿ ನಿಂತಿದ್ದ. ಅವಳು ಮುಂದ ಸರದ್ರ ಅವನೂ ಸರೀತಿದ್ದ. ಅವಳ ಮುಖ ನೋಡಿದ್ರ ಈಗ ಅಳ್ತಾಳ ಅನ್ನಂಗಿತ್ತು.

ಕಾಯಿಪಲ್ಲೆ ಮಾರಿ ಖಾಲಿ ಬುಟ್ಟಿ ಹಿಡ್ಕೊಂಡು ಕೂತಿದ್ದ ಒಬ್ಬ ಆಯಿ ಎದ್ದಳು. ಬುಟ್ಟಿ ತಗೊಂಡು ಇಬ್ಬರ ನಡುವೆ ಇಟ್ಟಳು. ಆಮ್ಯಾಲೆ ಇಡೀ ಬಸ್ಸಿಗೆ ಕೇಳೋ ಹಂಗ, ಯಪ್ಪಾ, ನಿನ್ನ ಮಗಳ ವಾರಿಗಿ ಐತಿ ಆ ಕೂಸು, ಆಚೆ ಸರಿ ಅಂದಳು. ಅವ ನಾನೇನ್ ಮಾಡೀನಿ ಅಂತ ಜೋರು ಮಾಡಿದ. ಆಗ ಹಿಂದಿನ ಸೀಟಿನ ಇಬ್ಬರು ಹುಡುಗರು ಎದ್ದು ನಿಂತರು. ಮಾತಾಡಲಿಲ್ಲ, ಬರೀ ಎದ್ದು ನಿಂತರು. ಕಂಡಕ್ಟರ್ ಅಣ್ಣ ಸೀಟಿ ಹೊಡೆದು ಬಸ್ ನಿಲ್ಲಿಸಿ ಅವನನ್ನ ಇಳಿಸಿದ. ನಾನು ಆ ಹುಡುಗಿಯನ್ನ ನನ್ನ ಕಿಟಕಿ ಸೀಟಿನ್ಯಾಗ ಕೂಡಿಸಿದೆ. ಊರು ಬರೋತನಕ ಅವಳು ಏನೂ ಮಾತಾಡಲಿಲ್ಲ, ನನ್ನ ಕೈ ಮಾತ್ರ ಹಿಡ್ಕೊಂಡಿದ್ದಳು.

ಆ ಆಯಿಗೆ 35ನೇ ಸೆಕ್ಷನ್ ಗೊತ್ತಿರಲಿಲ್ಲ. ಅವಳು ಮಾಡಿದ್ದು ಅದನ್ನೇ. ಆಯುಧ ಅಂದ್ರ ಒಂದು ಖಾಲಿ ಬುಟ್ಟಿ. ಅವಳು ಎದ್ದಿದ್ದಕ್ಕ ಹುಡುಗರು ಎದ್ದರು, ಹುಡುಗರು ಎದ್ದಿದ್ದಕ್ಕ ಕಂಡಕ್ಟರಿಗೆ ಧೈರ್ಯ ಬಂತು. ಮೊದಲ ಒಬ್ಬರು ಏಳೂದೇ ಕಷ್ಟದ ಕೆಲಸ.

ಇನ್ನೊಂದು ಮಾತು. ಗನ್ ವಿಡಿಯೊದಾಗ ಅಪಾಯ ಅಂದ್ರ ಯಾವಾಗಲೂ ಮುಖಕ್ಕ ಬಟ್ಟಿ ಕಟ್ಟಿದ ಅಪರಿಚಿತ, ರಾತ್ರಿ ಹೊತ್ತು. ಎನ್‌ಸಿಆರ್‌ಬಿ ವರದಿ ತೆಗೆದು ನೋಡ್ರಿ. ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಯದವನೇ. ಮನೆಯವ, ಓಣಿಯವ, ಗೆಳೆಯ, ನೆಂಟ. ಅಂಥವ ಎದುರಿಗೆ ಬಂದಾಗ ಯಾರೂ ಗನ್ ತೆಗೆಯೂದಿಲ್ಲ, ಚಹಾ ಕೊಡ್ತಾರ. ಅಲ್ಲಿ ಹುಡುಗಿಯನ್ನ ಕಾಯೋದು ಅವಳ ಮಾತು ನಂಬೋ ಒಬ್ಬ ಅವ್ವ, ಒಬ್ಬ ಅಣ್ಣ, ಒಬ್ಬ ಗೆಳತಿ.

ಭಾಗ 7/8

ಈಗ ನನ್ನ ಮಾತಿಗೆ ನಾನೇ ಒಂದು ಪ್ರಶ್ನೆ ಹಾಕ್ಕೊಳ್ಳಬೇಕು. ಬಿಡಸಾಕ ಹೋಗ್ರಿ, ಬೇರೆಯವರನ್ನ ಕಾಯ್ರಿ ಅಂದ್ರ ಗುಂಪು ಕಟ್ಕೊಂಡು ಹೊಡೆಯಾಕ ಹೋಗೋರಿಗೂ ಅದೇ ನೆಪ ಆಗೂದಿಲ್ಲೇನು?

ಆಗತೈತಿ. ಆಗೇತಿ ಕೂಡ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್‌ನನ್ನು ಜನ ಹೊಡೆದು ಕೊಂದರು. ಅವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವಿಡಿಯೊ ಹರಿದಾಡಿತು. ಹೊಡೆದವರು ತಾವು ಮಕ್ಕಳನ್ನ ಕಾಯಾಕತ್ತೀವಿ ಅಂತಾನೇ ತಿಳಕೊಂಡಿರಬೇಕು.

ಅದಕ್ಕೇ ಕಾನೂನು ಈ ಹಕ್ಕಿಗೆ ಗಡಿ ಹಾಕೈತಿ. ನಾಲ್ಕು ಮಾತು ನೆನಪಿಡ್ರಿ.

ಒಂದು, ಅಪಾಯ ಈಗ, ಎದುರಿಗೇ ಇರಬೇಕು. ನಿನ್ನೆ ಆದದ್ದಕ್ಕ ಇವತ್ತು ಹೊಡೆದ್ರ ಅದು ಸೇಡು, ರಕ್ಷಣೆ ಅಲ್ಲ.

ಎರಡು, ಆ ಭಯಕ್ಕ ತಕ್ಕ ಕಾರಣ ಇರಬೇಕು. ಫಾರ್ವರ್ಡ್ ಮೆಸೇಜು ಕಾರಣ ಅಲ್ಲ.

ಮೂರು, ತಡೆಯಾಕ ಎಷ್ಟು ಬೇಕೋ ಅಷ್ಟೇ. ಕಳ್ಳ ಬಿದ್ದಮ್ಯಾಲೆ, ಕೈ ಕಟ್ಟಿದಮ್ಯಾಲೆ ಹೊಡೆಯೋ ಪ್ರತಿ ಪೆಟ್ಟೂ ನಿಮ್ಮ ಮ್ಯಾಲಿನ ಕೇಸು.

ನಾಲ್ಕು, ಪೊಲೀಸರನ್ನ ಕರೆಸಾಕ ಸಮಯ ಇದ್ದರೆ ಈ ಹಕ್ಕು ಇಲ್ಲ.

ಇವೆಲ್ಲಾ ನಾನು ಕಟ್ಟಿದ ಮಾತಲ್ಲ, ಸಂಹಿತೆಯ ಸೆಕ್ಷನ್‌ಗಳಾಗ ಇರೋ ತಿರುಳು. ಬಸ್ಸಿನ ಆಯಿಯನ್ನ ಈ ನಾಲ್ಕರ ಮ್ಯಾಲೆ ತೂಗಿ ನೋಡ್ರಿ. ಅಪಾಯ ಎದುರಿಗಿತ್ತು, ಕಣ್ಣಾರೆ ಕಂಡಿದ್ದಳು, ಬುಟ್ಟಿ ಇಟ್ಟು ತಡೆದಳು, ಅವ ಇಳಿದಮ್ಯಾಲೆ ಸುಮ್ಮನಾದಳು. ಮುರ್ಕಿಯ ಗುಂಪನ್ನ ತೂಗಿ ನೋಡ್ರಿ. ಒಂದರ ಮ್ಯಾಲೂ ನಿಲ್ಲೂದಿಲ್ಲ.

ಈ ಅಳತೆ ಇಟ್ಕೊಂಡು ವಿಡಿಯೊಗಳನ್ನೂ ನೋಡ್ರಿ. ನೀ ಕೈಯಾಗ ಹತಾರ ಹಿಡಿ ಅನ್ನೋ ವಿಡಿಯೊ ಬಂದಾಗ ಒಂದು ಪ್ರಶ್ನೆ ಕೇಳ್ರಿ: ಯಾರ ವಿರುದ್ಧ? ಎದುರಿಗೆ ದಾಳಿ ಮಾಡ್ತಿರೋ ಒಬ್ಬ ಮನುಷ್ಯನ ವಿರುದ್ಧವೋ, ಒಂದು ಇಡೀ ಧರ್ಮದ, ಜಾತಿಯ, ಓಣಿಯ ವಿರುದ್ಧವೋ? ಎರಡನೇದು ಆಗಿದ್ರ ಅದು ಆತ್ಮರಕ್ಷಣೆ ಪಾಠ ಅಲ್ಲ. ಹುಬ್ಬಳ್ಳಿಯ ಆ ಹುಡುಗ್ಯಾರ ಸಾವಿನ ಮ್ಯಾಲೆ ವ್ಯೂಸ್ ಎಣಿಸಿದ ವಿಡಿಯೊ ಎಷ್ಟೋ ಬಂದವು. ಅವು ಅವರಿಗೆ ನ್ಯಾಯನೂ ತಂದಿಲ್ಲ, ನಮಗ ದಾರಿನೂ ತೋರಿಸಿಲ್ಲ.

ಭಾಗ 8/8

ಕಡೀ ಪೋಸ್ಟ್. ಪೊಲೀಸರು ಬರೋದ್ರಾಗ ನೀ ಸತ್ತಿರ್ತಿ ಅಂತಾರಲ್ಲ, ಆ ಮಾತಿಗೆ ಉತ್ತರ ಕೊಡದೆ ಮುಗಿಸಾಕ ಆಗೂದಿಲ್ಲ. ಅದರಾಗ ಅರ್ಧ ಸತ್ಯ ಐತಿ.

2024ರ ಮೇ 15ರ ಹುಬ್ಬಳ್ಳಿ ಪ್ರಕರಣದಾಗ, ಬೆದರಿಕೆ ಬಗ್ಗೆ ಮೊದಲೇ ಪೊಲೀಸರಿಗೆ ಹೇಳಿದ್ವಿ, ಗಂಭೀರವಾಗಿ ತಗೊಳ್ಳಲಿಲ್ಲ ಅಂತ ಮನೆಯವರು ಹೇಳಿದರು. ಆಮ್ಯಾಲೆ ಠಾಣೆಯ ಇನ್‌ಸ್ಪೆಕ್ಟರ್ ಸೇರಿ ಪೊಲೀಸರ ಅಮಾನತು ಆಯ್ತು. ಅಂದ್ರ ಅಪಾಯ ಹೇಳದೇ ಕೇಳದೇ ಬಂದದ್ದಲ್ಲ, ಮುಂಚೆನೇ ಗೊತ್ತಿತ್ತು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಂಡಿದ್ರ ಅನ್ನೋ ಪ್ರಶ್ನೆ ನನ್ನ ಬಿಡವಲ್ಲದು. ಸರ್ಕಾರ ನನಗ ಗನ್ ಕೊಡಲಿ ಅಂತ ಕೇಳೋ ಬದಲು, ನನ್ನ ದೂರು ಬರ್ಕೊಳ್ಳಲಿ ಅಂತ ಗಟ್ಟಿಯಾಗಿ ಕೇಳೋದು ನನಗ ದೊಡ್ಡದು ಅನಸ್ತೈತಿ.

ಅದಕ್ಕೂ ಕಾನೂನು ಐತಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್. ಘಟನೆ ಯಾವ ಠಾಣೆ ಹದ್ದಿನಲ್ಲೇ ನಡೆದಿರಲಿ, ನೀವು ಹೋದ ಠಾಣೆಯವರು ದೂರು ತಗೊಳ್ಳಬೇಕು. ನಮ್ಮ ಹದ್ದಲ್ಲ ಅಂತ ವಾಪಸ್ ಕಳಸಾಕ ಬರೂದಿಲ್ಲ. ಎಲೆಕ್ಟ್ರಾನಿಕ್ ರೂಪದಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ. ಠಾಣೆಯಲ್ಲಿ ಬರ್ಕೊಳ್ಳಲಿಲ್ಲ ಅಂದ್ರ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಸ್ರಿ. ಅಲ್ಲೂ ಆಗಲಿಲ್ಲ ಅಂದ್ರ ಮ್ಯಾಜಿಸ್ಟ್ರೇಟ್ ಹತ್ರ ಅರ್ಜಿ. ತುರ್ತಿಗೆ 112, ಹೆಣ್ಣುಮಕ್ಕಳ ಸಹಾಯವಾಣಿ 181. ಎರಡೂ ನಂಬರ್ ಈಗಲೇ ಫೋನಿನ್ಯಾಗ ಹಾಕ್ಕೊಳ್ರಿ, ಅವ್ವನ ಕೀಪ್ಯಾಡ್ ಫೋನಿನ್ಯಾಗೂ.

ಠಾಣೆಗೆ ಹೋಗೋ ಹುಡುಗಿ ಒಬ್ಬಳೇ ಹೋದ್ರ ಒಂದು ಮಾತು, ಜೋಡಿ ನಾಲ್ಕು ಮಂದಿ ಹೋದ್ರ ಇನ್ನೊಂದು ಮಾತು. ಇದು ಪುಸ್ತಕದಾಗ ಇಲ್ಲ, ನಮ್ಮ ಕಡೆ ಎಲ್ಲಾರಿಗೂ ಗೊತ್ತಿರೋ ಸಂಗತಿ. ಜೋಡಿ ಹೋಗೋದೂ ಬಿಡಸಾಕ ಹೋದಂಗೇ.

ಮೈ ಗಟ್ಟಿ ಮಾಡ್ಕೊಳ್ರಿ, ಕರಾಟೆ ಕಲೀರಿ, ಕುಸ್ತಿ ಕಲೀರಿ, ಅದಕ್ಕ ನನ್ನ ಪೂರ್ತಿ ಒಪ್ಪಿಗೆ. ಗನ್ ವಿಡಿಯೊನೂ ನೋಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿಮ್ಮ ಹತ್ರ ಈಗಾಗಲೇ ಇರೋ ಹಕ್ಕು ಯಾವುದು ಅಂತ ತಿಳ್ಕೊಂಡು ನೋಡ್ರಿ.

ಈಗ ಒಂದು ಕೆಲಸ ಮಾಡ್ರಿ. ನಿಮ್ಮ ಬಸ್ಸಿನ್ಯಾಗ, ನಿಮ್ಮ ಓಣ್ಯಾಗ, ನಿಮ್ಮ ಕ್ಲಾಸಿನ್ಯಾಗ, ಕೂಗಿದ್ರ ಎದ್ದು ಬರೋ ನಾಲ್ಕು ಮಂದಿ ಹೆಸರು ಬರೀರಿ. ಅವರಿಗೆ ಫೋನ್ ಹಚ್ಚಿ, ನಿನ್ನ ಹೆಸರು ಬರದೀನಿ ನೋಡು ಅಂತ ಹೇಳ್ರಿ. ಆಮ್ಯಾಲೆ ಅವರ ಪಟ್ಟಿಯಾಗ ನಿಮ್ಮ ಹೆಸರು ಐತೇನು ಅಂತಾನೂ ಕೇಳ್ರಿ.

#ನೇಸರಗಿ #ಬೈಲಹೊಂಗಲ #ನಮ್ಮಬೆಳಗಾವಿ #ಬಿಡಸಾಕಬರ್ರಿ